ಬೆಳ್ಳಿತೆರೆಯ ಬೆಳಕಿಗೆ ತೆತ್ತ ಬೆಲೆ

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನ ಗ್ರ್ಯಾಂಡ್ ಕಫೆಯಲ್ಲಿ ಲ್ಯೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಸಿನಿಮಾ ತೋರಿಸಿದಾಗ ಯಂತ್ರದ ಹಿಂದೆ ಉರಿಯುತ್ತಿದ್ದುದು ವಿದ್ಯುತ್ತಿನ ಆರ್ಕ್ ದೀಪ. ಎರಡು ಇಂಗಾಲದ ಕಡ್ಡಿಗಳ ತುದಿಯಲ್ಲಿ ಹುಟ್ಟುವ ಆ ಬೆಳಕಿಗೆ ಅಂದು ಸಾಟಿಯಿರಲಿಲ್ಲ. ಆದರೆ ವಿದ್ಯುತ್ ಎಲ್ಲ ಕಡೆ ಎಲ್ಲಿತ್ತು? ಇಲ್ಲದ ಕಡೆ ಆಮ್ಲಜನಕ ಮತ್ತು ಈಥರ್ ಆವಿಯ ಜ್ವಾಲೆಯಲ್ಲಿ ಸುಣ್ಣದ ತುಂಡನ್ನು ಕಾಯಿಸಿ ಬೆಳಗಿಸುತ್ತಿದ್ದರು. ಆರ್ಕ್‌ಗಿಂತ ಮಂದ, ಸೀಮೆಎಣ್ಣೆ ದೀಪಕ್ಕಿಂತ ಎಷ್ಟೋ ಪ್ರಖರ.

1897ರ ಮೇ 4ರಂದು ಅದೇ ಪ್ಯಾರಿಸ್‌ನಲ್ಲಿ ಬಡವರ ನೆರವಿಗೆಂದು ನಡೆದ 'ಬಜಾರ್ ದ ಲಾ ಶಾರಿತೆ' ಮೇಳದ ಸಿನಿಮಾಕ್ಕೂ ಇದೇ ದೀಪ. ಪ್ರದರ್ಶನದ ನಡುವೆ ಈಥರ್ ಮುಗಿಯಿತು. ಮತ್ತೆ ತುಂಬಿಸುವಾಗ ಕತ್ತಲೆಂದು ಸಹಾಯಕ ಬೆಂಕಿಕಡ್ಡಿ ಗೀರಿದ. ಆವಿಗೆ ಕಿಡಿ ತಾಗಿತು. ಮರ, ಬಟ್ಟೆ, ಬಣ್ಣ ಬಳಿದ ಕ್ಯಾನ್ವಾಸಿನ ಮಂಟಪ ನಿಮಿಷಗಳಲ್ಲಿ ಉರಿದುಹೋಯಿತು. ಸತ್ತವರು 120ಕ್ಕೂ ಹೆಚ್ಚು. ಬಹುತೇಕ ಎಲ್ಲರೂ ಮಹಿಳೆಯರು.

ಅಪವಾದ ಬಂದದ್ದು ಸಿನಿಮಾದ ಮೇಲೆ. ಅಂದಿನ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದ್ದು, ನಿಜ. ಆದರೆ ಈ ಬೆಂಕಿ ಹುಟ್ಟಿದ್ದು ದೀಪದಿಂದ. ವಿದ್ಯುತ್ ಹರಡಿದಂತೆ ಈಥರ್ ಮರೆಯಾಯಿತು, ಚಿತ್ರಮಂದಿರಗಳಲ್ಲಿ ಆರ್ಕ್ ನೆಲೆಯೂರಿತು. ಅದಕ್ಕೂ ಕಾವಲು ಬೇಕಿತ್ತು: ಕಡ್ಡಿಗಳು ಸವೆದಂತೆಲ್ಲ ಅಂತರ ಸರಿಪಡಿಸದಿದ್ದರೆ ತೆರೆ ಮಂಕಾಗುತ್ತಿತ್ತು. ಆ ಕೆಲಸ ತಪ್ಪಿಸಿದ್ದು 1950ರ ದಶಕದಲ್ಲಿ ಬಂದ ಕ್ಸೆನಾನ್ ದೀಪ.