ಬೂದು ಹುಡುಕುವ ವಿದ್ಯೆ: ಡಿಜಿಟಲ್ ಫೋಟೊದ ಬಣ್ಣ ತಿದ್ದುಪಡಿ ನಡೆದು ಬಂದ ದಾರಿ

ಮದುವೆ ಫೋಟೊ ತೆಗೆಯುವವರ ನಡುವೆ ಈಗ ಪ್ರಿಸೆಟ್‌ಗಳದೇ ಮಾತು. ಒಂದು ಕ್ಲಿಕ್ ಮಾಡಿದರೆ ಸಾಕು, ಎಲೆಯ ಹಸಿರು ಮಾಸಿ ಪಾಚಿ ಬಣ್ಣಕ್ಕೆ ತಿರುಗುತ್ತದೆ, ನೆರಳು ಕಂದಾಗುತ್ತದೆ, ಮುಖಗಳೆಲ್ಲ ಕಿತ್ತಳೆಯಾಗುತ್ತವೆ. ಬಾಳೆಕಂಬ, ಮಾವಿನ ತೋರಣ, ಕನಕಾಂಬರದ ದಂಡೆ ಎಲ್ಲವೂ ಒಂದೇ ಬಣ್ಣದ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತವೆ. ಇದನ್ನೇ ಕಲರ್ ಕರೆಕ್ಷನ್ ಎಂದು ಕಲಿಸುವವರಿಗೂ ಕೊರತೆಯಿಲ್ಲ.

ಚಿತ್ರಕ್ಕೊಂದು ಮೂಡ್ ಕೊಡುವುದು ತಪ್ಪಲ್ಲ. ಆದರೆ ಅದು ತಿದ್ದುಪಡಿ ಮುಗಿದ ಮೇಲಿನ ಕೆಲಸ. ತಿದ್ದುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಚಿತ್ರದಲ್ಲಿ ಯಾವ ಬಣ್ಣದ ಕಡೆಗೂ ವಾಲದ ವಸ್ತು ಯಾವುದು? ಸಿಮೆಂಟ್ ಗೋಡೆಯೋ, ಡಾಂಬರು ರಸ್ತೆಯೋ, ಕಪ್ಪು ಕೂದಲೋ? ಅದು ಫೈಲಿನಲ್ಲಿಯೂ ಹಾಗೇ ದಾಖಲಾಗಿದೆಯೇ? ಈ ಕ್ಷೇತ್ರದ ಇತಿಹಾಸವೆಲ್ಲ ಬಹುಮಟ್ಟಿಗೆ ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಇತಿಹಾಸ.

ಆರಂಭದ ಘಟ್ಟಗಳನ್ನು ಬೇಗ ಹೇಳಿ ಮುಗಿಸಬಹುದು. ಕೆಂಪು, ಹಸಿರು, ನೀಲಿ ಎಂಬ ಮೂರು ದಾಖಲೆಗಳಿಂದ ಬಣ್ಣದ ಚಿತ್ರ ಕಟ್ಟಬಹುದೆಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ತೋರಿಸಿದ. ಬೆಳಕು ಬದಲಾದಾಗ ಕಣ್ಣು ಈ ಮೂರರ ಹೆಚ್ಚುಕಡಿಮೆಯನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ ಎಂದು ಯೊಹಾನಸ್ ಫಾನ್ ಕ್ರೀಸ್ 1902ರಲ್ಲಿ ಹೇಳಿದ. ಇಂದಿನ ಪ್ರತಿಯೊಂದು ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹಿಂದೆ ಈ ಮಾತಿದೆ. ಕೊಡ್ಯಾಕ್ ಕಂಪನಿಯ ರಾಲ್ಫ್ ಇವಾನ್ಸ್ 1951ರಲ್ಲಿ ಪಡೆದ ಪೇಟೆಂಟ್ ಇನ್ನೂ ಸರಳವಾದ ಒಂದು ಊಹೆಯ ಮೇಲೆ ನಿಂತಿತ್ತು. ಸಾಮಾನ್ಯ ದೃಶ್ಯವೊಂದರ ಎಲ್ಲ ಬಣ್ಣಗಳನ್ನೂ ಕಲಸಿ ಸರಾಸರಿ ತೆಗೆದರೆ ಬೂದು ಸಿಗುತ್ತದೆ. ಸಿಗದಿದ್ದರೆ ದೋಷ ಬೆಳಕಿನದು, ಅಷ್ಟನ್ನು ಕಳೆಯಬೇಕು ಎಂಬುದು ಆ ಊಹೆ. ಬಣ್ಣದ ಪ್ರಿಂಟು ಹಾಕುವ ಸ್ವಯಂಚಾಲಿತ ಯಂತ್ರಗಳಿಗೆ ದಾರಿ ಮಾಡಿಕೊಟ್ಟದ್ದು ಇದು.

ಈ ಊಹೆ ಎಲ್ಲಿ ಮುರಿಯುತ್ತದೆಂಬುದು ಕಲರ್ ಲ್ಯಾಬಿನವರಿಗೆ ಚೆನ್ನಾಗಿ ಗೊತ್ತಿತ್ತು. ಹುಲ್ಲುಹಾಸೇ ತುಂಬಿದ ಚಿತ್ರದಲ್ಲಿ ಯಂತ್ರ ಹಸಿರನ್ನು ಕಳೆಯಲು ಹೋಗಿ ಮುಖಕ್ಕೆ ಮೆಜೆಂಟಾ ಬಳಿಯುತ್ತಿತ್ತು. ಇದನ್ನು ಅವರು ಸಬ್ಜೆಕ್ಟ್ ಫೇಲ್ಯೂರ್ ಎನ್ನುತ್ತಿದ್ದರು. ಆಗ ಆಪರೇಟರ್ ಪ್ರಿಂಟು ನೋಡಿ ಯೆಲ್ಲೋ, ಮೆಜೆಂಟಾ ಅಳತೆಗಳನ್ನು ಹೆಚ್ಚುಕಡಿಮೆ ಮಾಡಿ ಮತ್ತೆ ಹೊಡೆಯುತ್ತಿದ್ದರು. ಊರೂರಿನ ಸ್ಟುಡಿಯೊಗಳ ಫಿಲ್ಮಿಗೆ ಸರಿಯಾದ ಬಣ್ಣ ಕೊಟ್ಟ ಈ ಆಪರೇಟರುಗಳ ಹೆಸರು ಯಾವ ಆಲ್ಬಂನಲ್ಲೂ ಇಲ್ಲ. ಡಿಜಿಟಲ್ ಬಂದ ಮೇಲೆ ಅವರ ಅನುಭವವನ್ನು ಯಾರೂ ಬರೆದಿಡಲಿಲ್ಲ ಎಂಬುದು ದೊಡ್ಡ ನಷ್ಟ.

ಥಾಮಸ್ ಮತ್ತು ಜಾನ್ ನಾಲ್ ಸೋದರರ ಫೋಟೊಶಾಪ್ 1990ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವುದೆಂದರೆ ಸೈಟೆಕ್ಸ್, ಕ್ರಾಸ್‌ಫೀಲ್ಡ್‌ನಂಥ ಭಾರಿ ಬೆಲೆಯ ವ್ಯವಸ್ಥೆಗಳ ಮುಂದೆ ಕೂರುವುದು. ಅವು ದೊಡ್ಡ ಮುದ್ರಣ ಸಂಸ್ಥೆಗಳಲ್ಲಿ ಮಾತ್ರ ಇದ್ದವು. ಫೋಟೊಶಾಪ್ ಬಂದ ಮೇಲೆ ಆ ಸಂಸ್ಥೆಗಳ ವಿದ್ಯೆ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯಿತು. 1994ರ ಮೂರನೇ ಆವೃತ್ತಿಯಲ್ಲಿ ಲೇಯರ್‌ಗಳು, 1996ರ ನಾಲ್ಕನೆಯದರಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್‌ಗಳು ಬಂದವು. ಎರಡನೆಯದರ ಮಹತ್ವವನ್ನು ಈಗ ಕಲಿಯುವವರು ಊಹಿಸುವುದೂ ಕಷ್ಟ. ಅಲ್ಲಿಯವರೆಗೆ ಬೆಳಕು, ಬಣ್ಣ ಏರಿಳಿಸುವ ಕರ್ವ್ ಹಾಕಿ ಒಪ್ಪಿಗೆ ಕೊಟ್ಟರೆ ಮೂಲ ಪಿಕ್ಸೆಲ್‌ಗಳೇ ಬದಲಾಗುತ್ತಿದ್ದವು. ಇನ್ನು ಮೇಲೆ ತಿದ್ದುಪಡಿ ಮೂಲದ ಮೇಲೆ ಬೇರೆಯಾಗಿಯೇ ಕೂತಿತು. ಯಾವಾಗ ಬೇಕಾದರೂ ಅದನ್ನು ತೆರೆದು ಬದಲಿಸಬಹುದು, ಬೇಡವಾದರೆ ತೆಗೆಯಬಹುದು.

1990ರ ದಶಕದಲ್ಲಿ ಎರಡು ಪಂಥಗಳು ಬೆಳೆದವು. ಒಂದು ಬ್ರೂಸ್ ಫ್ರೇಸರ್ ಅವರಂಥವರದು. ಮಾನಿಟರನ್ನು ಅಳೆದು ಸರಿಪಡಿಸಿ, ಸ್ಕ್ಯಾನರಿನಿಂದ ಪ್ರಿಂಟರಿನವರೆಗೆ ಪ್ರತಿ ಉಪಕರಣಕ್ಕೂ ಪ್ರೊಫೈಲ್ ಮಾಡಿ, ಆಮೇಲೆ ಪರದೆಯನ್ನು ನಂಬಿ ಎಂಬುದು ಅವರ ವಾದ. ಪ್ರೊಫೈಲ್‌ಗಳಿಗೆ ಮಾನಕ ರೂಪಿಸಲು 1993ರಲ್ಲಿ ಹುಟ್ಟಿದ ಐಸಿಸಿ ಒಕ್ಕೂಟ, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನಕ, 1998ರ ಫೋಟೊಶಾಪ್ 5ರಲ್ಲಿ ಬಂದ ಕಲರ್ ಮ್ಯಾನೇಜ್‌ಮೆಂಟ್ ಇವೆಲ್ಲ ಆ ದಾರಿಯ ಮೈಲಿಗಲ್ಲುಗಳು. ಒಂದೇ ಫೋಟೊ ಎರಡು ಪರದೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತಿದ್ದರೆ ಆ ಕೆಲಸಕ್ಕೆ ಕೃತಜ್ಞರಾಗಿರಬೇಕು.

ಇನ್ನೊಂದು ಡ್ಯಾನ್ ಮಾರ್ಗುಲಿಸ್ ಅವರ ಪಂಥ. ಮುದ್ರಣ ಕ್ಷೇತ್ರದಿಂದ ಬಂದ ಮಾರ್ಗುಲಿಸ್ 1994ರ ‘ಪ್ರೊಫೆಷನಲ್ ಫೋಟೊಶಾಪ್’ ಪುಸ್ತಕದಿಂದ ಮೊದಲುಗೊಂಡು ಹೇಳುತ್ತ ಬಂದದ್ದು ಒಂದೇ: ಪರದೆಯನ್ನಲ್ಲ, ಸಂಖ್ಯೆಯನ್ನು ಓದಿ. ಕಾರಣ ಗಟ್ಟಿಯಾಗಿದೆ. ಹಸಿರು ಛಾಯೆಯ ಫೋಟೊವನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಹಸಿರು ಕಾಣದಾಗುತ್ತದೆ. ಎಷ್ಟು ದುಬಾರಿಯ ಮಾನಿಟರ್ ತಂದರೂ ನೋಡುವವರ ಕಣ್ಣನ್ನು ಅದು ತಿದ್ದಲಾರದು. ಬಣ್ಣ ಓದುವ ಐಡ್ರಾಪರ್ ಇಟ್ಟಾಗ ಇನ್ಫೊ ಪ್ಯಾನೆಲ್‌ನಲ್ಲಿ ಬರುವ ಸಂಖ್ಯೆಗಳು ಮಾತ್ರ ಹಾಗೆ ಬದಲಾಗುವುದಿಲ್ಲ. ಬೂದಾಗಿರಬೇಕಾದ ಜಾಗದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸಮವಿರಬೇಕು. ಮನುಷ್ಯರ ಮೈಬಣ್ಣ ಯಾವ ದೇಶದ್ದೇ ಆದರೂ ಸಹಜ ಬೆಳಕಿನಲ್ಲಿ ಕೆಂಪು ಹೆಚ್ಚು, ಹಸಿರು ನಡುವೆ, ನೀಲಿ ಕಡಿಮೆ; ಮುದ್ರಣದ ಲೆಕ್ಕದಲ್ಲಿ ಹೇಳುವುದಾದರೆ ಹಳದಿ ಶಾಯಿ ಮೆಜೆಂಟಾಕ್ಕೆ ಸಮ ಅಥವಾ ಹೆಚ್ಚು. 2005ರಲ್ಲಿ ಅವರು ಲ್ಯಾಬ್ ಕಲರ್ ಕುರಿತೇ ಒಂದು ಇಡೀ ಪುಸ್ತಕ ಬರೆದರು. ಬೆಳಕಿನ ಏರಿಳಿತವನ್ನು ಒಂದು ಚಾನೆಲ್‌ನಲ್ಲಿ, ಬಣ್ಣವನ್ನು ಎ, ಬಿ ಎಂಬ ಉಳಿದೆರಡರಲ್ಲಿ ಬೇರ್ಪಡಿಸಿಡುವ ಆ ವ್ಯವಸ್ಥೆಯಲ್ಲಿ ಎ ಮತ್ತು ಬಿ ಕರ್ವ್‌ಗಳನ್ನು ಕಡಿದಾಗಿಸಿದರೆ ಒಂದರಲ್ಲೊಂದು ಬೆರೆತುಹೋಗಿದ್ದ ಹಸಿರುಗಳೂ ಬೇರೆಬೇರೆಯಾಗುತ್ತವೆ. ಮಲೆನಾಡಿನ ಮಳೆಗಾಲದ ಮಂಕು ಚಿತ್ರವೊಂದರ ಮೇಲೆ ಮಾಡಿ ನೋಡಿದವರು ಈ ಉಪಾಯವನ್ನು ಮರೆಯುವುದಿಲ್ಲ.

ಸಂಖ್ಯೆ ಓದುವುದು ಹೇಗೆಂದು ಹತ್ತಿರದಿಂದ ನೋಡಬಹುದು. ಮನೆಯ ಪಡಸಾಲೆಯಲ್ಲಿ ಅರಿಶಿನ ಶಾಸ್ತ್ರ ನಡೆದಿದೆ ಎನ್ನಿ, ಮೇಲೆ ಹಳೆಯ ಟ್ಯೂಬ್‌ಲೈಟ್. ಅದರೊಳಗಿನ ಪಾದರಸ 546 ನ್ಯಾನೊಮೀಟರ್ ಹತ್ತಿರ ಗಾಢ ಹಸಿರು ಗೆರೆಯೊಂದನ್ನು ಹೊರಸೂಸುತ್ತದೆ, ಹಾಗಾಗಿ ಚಿತ್ರವೆಲ್ಲ ಹಸಿರಿಗೆ ವಾಲಿದೆ. ಹೊಸಬರು ಬಿಳಿ ಎಂದು ಕಂಡ ಕೂಡಲೇ ಅಜ್ಜನ ಪಂಚೆಯ ಮೇಲೆ ಐಡ್ರಾಪರ್ ಒತ್ತುತ್ತಾರೆ. ಅಲ್ಲೇ ಎಡವಟ್ಟಾಗುವುದು. ಪಂಚೆ ನೀಲಿ ಹಾಕಿ ಒಗೆದದ್ದು, ನಿಜಕ್ಕೂ ತುಸು ನೀಲಿ. ಅದನ್ನು ಬೂದು ಮಾಡಿದರೆ ಚಿತ್ರವೆಲ್ಲ ಹಳದಿಗೆ ತಿರುಗುತ್ತದೆ, ಅರಿಶಿನ ಹಚ್ಚಿದ ಮುಖ ಕಾಮಾಲೆಯಂತೆ ಕಾಣುತ್ತದೆ. ಅದೇ ನೆಲದ ಮೇಲೆ ರಂಗೋಲಿ ಎಳೆಯಿದೆ. ಕಲ್ಲಿನ ಪುಡಿ, ಅದಕ್ಕೆ ಯಾರೂ ನೀಲಿ ಹಾಕುವುದಿಲ್ಲ. ಅಲ್ಲಿ ಕೆಂಪು 198, ಹಸಿರು 214, ನೀಲಿ 190 ಎಂದು ಬಂತೆನ್ನಿ. ಹಸಿರಿನ ಕರ್ವ್ ಇಳಿಸಿ, ನೀಲಿಯದನ್ನು ಏರಿಸಿ, ಮೂರನ್ನೂ 200ರ ಆಸುಪಾಸಿಗೆ ತರಬೇಕು. ಮುಗಿಯಲಿಲ್ಲ. ಕಪ್ಪು ಕೂದಲಿನ ನೆರಳಿನಲ್ಲಿ 25, 31, 24 ಎಂದಿದ್ದರೆ ಅಲ್ಲಿಯೂ ಹಸಿರು ಕೂತಿದೆ; ಕರ್ವ್‌ನ ಕೆಳತುದಿಯಲ್ಲಿ ಇನ್ನೊಂದು ಬಿಂದು ಬೇಕು. ಕೊನೆಗೆ ಅರಿಶಿನ ಹಚ್ಚದ ಯಾವುದಾದರೂ ಮುಖವನ್ನು ಓದಿ, ಕೆಂಪು-ಹಸಿರು-ನೀಲಿಯ ಏಣಿ ಸರಿಯಿದೆಯೇ ಎಂದು ನೋಡಬೇಕು. ಮದುಮಗಳ ಮುಖದಲ್ಲಿ ಉಳಿಯುವ ಹಳದಿ ಅಂದಿನ ಸಮಾರಂಭದ್ದು, ಅದನ್ನು ಮುಟ್ಟಬಾರದು. ಆಟೊ ಗುಂಡಿಗೆ ಈ ವಿವೇಚನೆ ಇಲ್ಲ. ಚೌಕಟ್ಟಿನ ತುಂಬ ಹಳದಿ ಕಂಡದ್ದೇ ಅದು ನೀಲಿಯನ್ನು ಸುರಿಯುತ್ತದೆ. ಅರಿಶಿನ ಪೇಲವವಾಗಿ, ನೆಲ ನೀಲಿಯಾಗುತ್ತದೆ. ಇವಾನ್ಸ್ ಅವರ ಊಹೆ ನಮ್ಮ ಶುಭಕಾರ್ಯಗಳಲ್ಲಿ ಮುರಿದಷ್ಟು ಬೇರೆಲ್ಲೂ ಮುರಿಯದು.

ಇಷ್ಟರಲ್ಲಿ ಸೆನ್ಸರಿನ ಅಂಕಿಗಳನ್ನು ಹಾಗೇ ಉಳಿಸುವ ರಾ ಫೈಲಿನ ಕಾಲ ಬಂದಿತ್ತು. ಡೇವ್ ಕಾಫಿನ್ 1997ರಲ್ಲಿ ರಾ ಫೈಲ್ ತೆರೆಯುವ ಡಿಸಿರಾ ತಂತ್ರಾಂಶ ಬರೆಯತೊಡಗಿದರು. 2003ರಲ್ಲಿ ಥಾಮಸ್ ನಾಲ್ ಅವರೇ ರೂಪಿಸಿದ ಕ್ಯಾಮೆರಾ ರಾ, 2007ರಲ್ಲಿ ಲೈಟ್‌ರೂಮ್ ಬಂದವು. ಸೆನ್ಸರ್ ಕೊಟ್ಟ ಅಂಕಿಗಳನ್ನು ನೇರವಾಗಿ ಗುಣಿಸಿ ವೈಟ್ ಬ್ಯಾಲೆನ್ಸ್ ಮಾಡುವುದು ಅಲ್ಲಿ ಸಾಧ್ಯ. ಜೆಪೆಗ್‌ನಲ್ಲಿ ಪ್ರತಿ ಚಾನೆಲ್‌ಗೆ ಇರುವುದು 256 ಮೆಟ್ಟಿಲು ಮಾತ್ರ, ಅದೂ ಕ್ಯಾಮೆರಾ ತನ್ನ ತೀರ್ಮಾನ ಮಾಡಿ ಮುಗಿಸಿದ ಮೇಲೆ. ದುಡ್ಡು ಕೊಡಲಾಗದವರಿಗೆ ಗಿಂಪ್, ರಾಥೆರಪಿ, ಡಾರ್ಕ್‌ಟೇಬಲ್ ಉಚಿತವಾಗಿ ಸಿಕ್ಕವು. ಟೆಂಪರೇಚರ್ ಮತ್ತು ಟಿಂಟ್ ಎಂಬ ಎರಡು ಸ್ಲೈಡರ್‌ಗಳಲ್ಲಿ ಕೆಲಸ ಸಲೀಸಾಯಿತು. ಸಲೀಸಾದದ್ದರಿಂದಲೇ ಕರ್ವ್ ಕಲಿಯುವವರು ಕಡಿಮೆಯಾದರು, ಸಂಖ್ಯೆ ಓದುವ ರೂಢಿ ತಪ್ಪಿತು.

ಮಾನದಂಡವಿಲ್ಲದೆ ತಿದ್ದಿದರೆ ಏನಾಗುತ್ತದೆಂಬುದಕ್ಕೆ ಎರಡು ಆಕಾಶಗಳು ಸಾಕ್ಷಿ. 1976ರ ಜುಲೈಯಲ್ಲಿ ವೈಕಿಂಗ್ 1 ಮಂಗಳನ ಮೇಲಿಳಿದು ಕಳಿಸಿದ ಮೊದಲ ಬಣ್ಣದ ಚಿತ್ರ ಬಿಡುಗಡೆಯಾದಾಗ ಆಕಾಶ ಭೂಮಿಯದರಂತೆ ನೀಲಿಯಾಗಿತ್ತು. ನೌಕೆಯ ಮೇಲೆಯೇ ಕೂರಿಸಿದ್ದ ಬಣ್ಣದ ಪಟ್ಟಿಗಳನ್ನು ಆಧಾರವಾಗಿಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಅದು ದೂಳಿನಿಂದ ನಸುಗೆಂಪಾಗಿದೆ ಎಂದು ತಿಳಿಯಿತು. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚಿನ ಹೊಗೆಯಿಂದ ಸ್ಯಾನ್‌ಫ್ರಾನ್ಸಿಸ್ಕೊ ಬೆಳಗಿನಲ್ಲೇ ಕಡುಕಿತ್ತಳೆಯಾಯಿತು. ಜನ ಫೋನ್ ಎತ್ತಿ ಹಿಡಿದರೆ ಪರದೆಯ ಮೇಲೆ ಬಂದದ್ದು ಬೂದು ಆಕಾಶ. ಫೋನಿನ ಅಲ್ಗಾರಿದಂ ಇವಾನ್ಸ್ ಕಾಲದ್ದಕ್ಕಿಂತ ಎಷ್ಟೋ ಜಾಣ. ಆದರೂ ಆ ಕಿತ್ತಳೆಯೇ ನಿಜವೆಂದು ಹೇಳುವ ಪಟ್ಟಿ ಅದರ ಬಳಿ ಇರಲಿಲ್ಲ.

ಮೈಬಣ್ಣದ ವಿಷಯದಲ್ಲಿ ಈ ಪಟ್ಟಿಯ ಕತೆ ಇನ್ನೂ ಕಹಿಯಾದದ್ದು. ಲ್ಯಾಬುಗಳು ಪ್ರಿಂಟಿನ ಬಣ್ಣ ಹೊಂದಿಸಲು ಬಳಸುತ್ತಿದ್ದ ಕೊಡ್ಯಾಕ್‌ನ ಶರ್ಲಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದವಳು ಬಿಳಿಯ ಹೆಂಗಸು. ಕಂದು ಬಣ್ಣಗಳು ಸರಿ ಬರುತ್ತಿಲ್ಲವೆಂದು ಚಾಕೊಲೆಟ್ ಮತ್ತು ಪೀಠೋಪಕರಣ ತಯಾರಕರು ದೂರಿದ ಮೇಲೆಯೇ ಕಂಪನಿ ಫಿಲ್ಮಿನ ಸುಧಾರಣೆಗೆ ಹೊರಟಿತೆಂದು ಲೋರ್ನಾ ರಾತ್ 2009ರ ಪ್ರಬಂಧದಲ್ಲಿ ದಾಖಲಿಸಿದ್ದಾರೆ. 1976ರ ಕಲರ್‌ಚೆಕರ್ ಪಟ್ಟಿಯ 24 ಚೌಕಗಳಲ್ಲಿ ಚರ್ಮಕ್ಕೆ ಮೀಸಲಾದವು ಎರಡು, ಕಪ್ಪು ಒಂದು, ಬಿಳುಪು ಒಂದು. ಒಂದು ಮದುವೆಯ ಗ್ರೂಪ್ ಫೋಟೊದಲ್ಲಿ ಕಾಣುವ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣಗಳೆಲ್ಲ ಆ ಎರಡು ಚೌಕಗಳ ನಡುವೆ ಎಲ್ಲೋ ಇವೆ. ಗೂಗಲ್ 2021ರಲ್ಲಿ ಪಿಕ್ಸೆಲ್ 6ರ ಜೊತೆ ತಂದ ರಿಯಲ್ ಟೋನ್, ಮರುವರ್ಷ ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ಜೊತೆಗೂಡಿ ಪ್ರಕಟಿಸಿದ 10 ಹಂತಗಳ ಮೈಬಣ್ಣದ ಪಟ್ಟಿ ಒಳ್ಳೆಯ ಹೆಜ್ಜೆಗಳು. ತಡವಾಗಿ ಬಂದವು, ನಿಜ.

ನಮ್ಮ ಸ್ಟುಡಿಯೊಗಳ ಪಾಲೂ ಇದರಲ್ಲಿದೆ. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಸರ್’ ಎಂದು ಗಿರಾಕಿ ಕೇಳುವ ಮೊದಲೇ ಬೆಳ್ಳಗೆ ಮಾಡಿಡುವ ರೂಢಿ ಬೆಳೆದಿದೆ. ‘ಟೈಮ್’ ಪತ್ರಿಕೆ 1994ರಲ್ಲಿ, ಕೊಲೆ ಆರೋಪ ಹೊತ್ತಿದ್ದ ಅಮೆರಿಕದ ಕಪ್ಪುವರ್ಣೀಯ ಆಟಗಾರ ಒ.ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೊವನ್ನು ಕಪ್ಪಾಗಿಸಿ ಮುಖಪುಟಕ್ಕೆ ಹಾಕಿದಾಗ, ಅದೇ ವಾರ ‘ನ್ಯೂಸ್‌ವೀಕ್’ ಮೂಲವನ್ನು ಹಾಗೇ ಛಾಪಿಸಿದ್ದರಿಂದ ವ್ಯತ್ಯಾಸ ಎಲ್ಲರ ಕಣ್ಣಿಗೂ ಬಿತ್ತು. ಮದುವೆ ಆಲ್ಬಂನಲ್ಲಿ ಪಕ್ಕಕ್ಕಿಟ್ಟು ನೋಡಲು ಎರಡನೇ ಚಿತ್ರ ಇರುವುದಿಲ್ಲ. ಮೊಮ್ಮಕ್ಕಳು ತಮ್ಮ ಅಜ್ಜಿಯ ಮೈಬಣ್ಣವನ್ನು ಆ ಆಲ್ಬಂನಿಂದಲೇ ತಿಳಿಯಬೇಕು.

ಈಗಿನ ನಿಜವಾದ ಸಮಸ್ಯೆ ಎಲ್‌ಇಡಿಯದು. ಛತ್ರಗಳಲ್ಲಿ ಟ್ಯೂಬ್‌ಲೈಟ್ ಹೋಗಿ ಬಂದಿರುವ ಅಗ್ಗದ ಎಲ್‌ಇಡಿಗಳು 450 ನ್ಯಾನೊಮೀಟರ್ ಸುತ್ತಿನ ನೀಲಿ ಬೆಳಕಿಗೆ ಹಳದಿ ಫಾಸ್ಫರ್ ಬಳಿದು ಬಿಳಿ ಮಾಡಿದಂಥವು. ಅವುಗಳಲ್ಲಿ ಗಾಢ ಕೆಂಪು ತೀರ ಕಡಿಮೆ. ಬೂದು ಸರಿಯಾಗಿ ಬಂದರೂ ಧಾರೆ ಸೀರೆಯ ಕೆಂಪು ಮತ್ತು ಕುಂಕುಮ ಸಪ್ಪೆಯಾಗಿ ಉಳಿಯುವುದು ಈ ಕಾರಣಕ್ಕೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ವೈಟ್ ಬ್ಯಾಲೆನ್ಸೂ ಕೊಡಲಾರದು. ಲೈಟ್‌ರೂಮ್ 2021ರಲ್ಲಿ ತಂದ ಎಐ ಮಾಸ್ಕ್‌ಗಳು ವೇದಿಕೆಯ ಬೆಳಕನ್ನೂ ಕಿಟಕಿಯ ಬೆಳಕನ್ನೂ ಬೇರೆಬೇರೆ ತಿದ್ದಲು ನೆರವಾಗುತ್ತವೆ, ಆದರೆ ಸೀರೆಯ ನಿಜವಾದ ಬಣ್ಣ ಅವಕ್ಕೆ ಗೊತ್ತಿಲ್ಲ.

ಈ ಕೊರತೆಯನ್ನು ಒಂದಿಷ್ಟು ತುಂಬಬಲ್ಲದ್ದು ಪ್ರೊಫೈಲ್. ಡಿಎನ್‌ಜಿ ಎಂಬ ರಾ ಸ್ವರೂಪದ ಕ್ಯಾಮೆರಾ ಪ್ರೊಫೈಲ್‌ಗಳನ್ನು ಸಾಮಾನ್ಯವಾಗಿ ಎರಡು ಬೆಳಕಿಗೆ ಮಾಡಿರುತ್ತಾರೆ: ಹಳೆಯ ಬಲ್ಬಿನ ಹಳದಿ ಬೆಳಕು ಮತ್ತು ಹಗಲು. ಛತ್ರದ ಎಲ್‌ಇಡಿ ಎರಡರಲ್ಲೂ ಇಲ್ಲ. ಮುಹೂರ್ತಕ್ಕೆ ಮೊದಲು ವೇದಿಕೆಯ ಬೆಳಕಿನಲ್ಲಿ 24 ಚೌಕದ ಪಟ್ಟಿಯ ಒಂದು ರಾ ಫೋಟೊ ತೆಗೆದುಕೊಂಡರೆ ಆ ಬೆಳಕಿಗೇ ಪ್ರೊಫೈಲ್ ಮಾಡಬಹುದು, ತಂತ್ರಾಂಶ ಉಚಿತ. ಬೆಳಕು ಬದಲಾಗುವವರೆಗೆ ಅದೇ ಛತ್ರದ ಮುಂದಿನ ಮದುವೆಗಳಿಗೂ ಅದು ಆದೀತು, ಅದೇ ಮಾದರಿಯ ಕ್ಯಾಮೆರಾ ಇಟ್ಟುಕೊಂಡ ಇನ್ನೊಂದು ಸ್ಟುಡಿಯೊದವರಿಗೂ ಕೊಡಬಹುದು. ಕನ್ನಡದ ಫೋಟೊಗ್ರಫಿ ತರಗತಿಗಳು ಪ್ರಿಸೆಟ್‌ಗೆ ಮೊದಲು ಕಲಿಸಬೇಕಾದ ಪಾಠ ಇದು.