ಮಿಲ್ಕ್‌ಷೇಕಿನ ಪೂರ್ವೇತಿಹಾಸ

ಬಿಡದಿ ಕೈಗಾರಿಕಾ ಪ್ರದೇಶದ ಸಮೀಪದಲ್ಲಿ ಹಾಯುವ ಬೆಂಗಳೂರು-ಮೈಸೂರು ಹೆದ್ದಾರಿಯ ಹಣ್ಣಿನ ರಸದ ಅಂಗಡಿಗಳಲ್ಲಿ ಮಿಲ್ಕ್‌ಷೇಕ್ ಇಂದು ಸಾಮಾನ್ಯ ಪಾನೀಯವಾಗಿದೆ. ಇದು ಪರದೇಶದಿಂದ ಬಂದುದೆಂದು ಹೇಳಿ ಮಾತು ಮುಗಿಸುವುದು ವಾಡಿಕೆ. ಹೆಸರೂ ಯಂತ್ರವೂ ಹೊರಗಿನವೆಂಬುದು ನಿಜ. ಆದರೆ ಹಾಲಿಗೆ ಹಣ್ಣನ್ನೂ ಹಿಟ್ಟನ್ನೂ ಬೆರೆಸಿ ಸಿಹಿಗೂಡಿಸಿ ಸವಿಯುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಹೊಸದಾದುದು ಬೇರೊಂದಿದೆಯೆಂದು ನಾವು ಭಾವಿಸುತ್ತೇವೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದ ಪೂರ್ವಾರ್ಧದ್ದು. ಅದರ ಅನ್ನಭೋಗ ಪ್ರಕರಣದಲ್ಲಿ ಶಿಖರಿಣಿಯೆಂಬ ಪಾಕವುಂಟು. ನೀರು ಬಸಿದ ಮೊಸರಿಗೆ ಸಕ್ಕರೆ ಸೇರಿಸಿ ಮಾಡುವಂಥದು. ನಮ್ಮ ‘ಸೀಕರಣೆ’ ಇದರ ತದ್ಭವ. ಆದರೆ ಮನೆಯ ಸೀಕರಣೆಯಲ್ಲಿ ಮೊಸರಿನ ಸ್ಥಾನಕ್ಕೆ ಹಾಲು ಬಂದಿದೆ. ಬಾಳೆಯ ಅಥವಾ ಮಾವಿನ ಹಣ್ಣನ್ನು ಕೈಯಿಂದ ಕಿವುಚಿ, ಬೆಲ್ಲ, ಏಲಕ್ಕಿ ಹಾಕಿ, ಕಾಯಿಸಿ ಆರಿಸಿದ ಹಾಲನ್ನು ಕೂಡಿಸುತ್ತಾರೆ. ಚರಕಸಂಹಿತೆಯಾದರೋ ಹುಳಿಹಣ್ಣು ಹಾಲುಗಳ ಕೂಟವನ್ನು ವಿರುದ್ಧಾಹಾರವೆಂದು ನಿಷೇಧಿಸುತ್ತದೆ. ಗೃಹಿಣಿಯರು ಶಾಸ್ತ್ರವನ್ನು ಪೂರ್ತಿ ಒಪ್ಪಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಚೆನ್ನಾಗಿ ಕಳಿತ ಹಣ್ಣನ್ನೇ ಆರಿಸಿ, ಬಡಿಸುವ ಹೊತ್ತಿಗೆ ಹಾಲು ಬೆರೆಸಿದರು. ಹುಳಿ ಹೆಚ್ಚಾದರೆ ಹಾಲು ಒಡೆಯುವುದನ್ನು ಅವರು ಕಣ್ಣಾರೆ ಬಲ್ಲವರು.

ಮಾಗಡಿ, ಕನಕಪುರ, ಚನ್ನಪಟ್ಟಣಗಳು ಮಾವಿನ ನಾಡಾಗಿರುವಂತೆ ರಾಗಿಯ ನಾಡೂ ಹೌದು. ರಾಗಿಯನ್ನು ತೇವಮಾಡಿ, ಹುರಿದು ಅರಳಿಸಿ ಬೀಸಿದ ಹುರಿಹಿಟ್ಟನ್ನು ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕದಡಿ ಕುಡಿಯುವುದು ಇಲ್ಲಿನ ರೂಢಿ. ಕೌತುಕದ ಸಂಗತಿಯೆಂದರೆ, ಅಮೆರಿಕದಲ್ಲಿಯೂ ಈ ಪಾನೀಯ ಧಾನ್ಯದ ದಾರಿಯನ್ನೇ ಹಿಡಿದು ಬೆಳೆಯಿತು. ೧೮೮೫ರ ಸುಮಾರಿಗೆ ಮಿಲ್ಕ್‌ಷೇಕ್ ಎಂದರೆ ಮೊಟ್ಟೆ, ವಿಸ್ಕಿ ಬೆರೆತ ಪೇಯ! ರಾಸೀನ್ ಪಟ್ಟಣದ ಹಾರ್ಲಿಕ್ ಸೋದರರು ಮೊಳಕೆಯ ಬಾರ್ಲಿ ಮತ್ತು ಗೋಧಿಯಿಂದ ತಯಾರಿಸಿದ ಮಾಲ್ಟ್ ಹಾಲುಪುಡಿ ಮುಂದೆ ಅದರೊಳಗೆ ಸೇರಿತು. ೧೯೨೨ರಲ್ಲಿ ಷಿಕಾಗೊ ನಗರದ ವಾಲ್‌ಗ್ರೀನ್ಸ್ ಅಂಗಡಿಯಲ್ಲಿ ಐಸ್‌ಕ್ರೀಮೂ ಕೂಡಿತು. ಅದೇ ವರ್ಷ, ಅದೇ ರಾಸೀನ್ ಪಟ್ಟಣದ ಸ್ಟೀಫನ್ ಪಾಪ್ಲಾವ್ಸ್ಕಿ ಪಾತ್ರೆಯ ತಳದಲ್ಲಿ ತಿರುಗುವ ಅಲಗನ್ನು ರೂಪಿಸಿದನು. ಕಿವುಚುವ ಕೈಯ ಕೆಲಸ ಯಂತ್ರಕ್ಕೆ ಹೋಯಿತು.

ಹಾಗಾದರೆ ಹೊಸದು ಯಾವುದು? ಕೆಡದ ಹಾಲು. ತಂಪಿನ ವ್ಯವಸ್ಥೆ ಇಲ್ಲದ ಕಾಲದಲ್ಲಿ ಮಿಕ್ಕ ಹಾಲು ಅಂದೇ ಹೆಪ್ಪಿಗೆ ಹೋಗಬೇಕಿತ್ತು. ಮೊಸರು, ಮಜ್ಜಿಗೆಗಳ ಪ್ರಾಧಾನ್ಯಕ್ಕೆ ರುಚಿಗಿಂತ ಇದೇ ಹೆಚ್ಚಿನ ಕಾರಣವೆಂದು ತೋರುತ್ತದೆ. ೧೯೬೫ರಲ್ಲಿ ಬೆಂಗಳೂರು ಡೈರಿ ಆರಂಭವಾಯಿತು. ೧೯೭೦ರ ದಶಕದ ಮಧ್ಯದಿಂದ ಆನಂದ್ ಮಾದರಿಯ ಸಹಕಾರ ಸಂಘಗಳು ಹಳ್ಳಿಗಳಿಗೆ ಬಂದುವು. ಇಂದಿನ ಅಂಗಡಿಯವನು ಹಾಲನ್ನು ಮಂಜುಗಟ್ಟಿಸಿ, ಒಡೆದು, ಹಣ್ಣಿನೊಡನೆ ಅರೆಯುತ್ತಾನೆ. ಹುರಿಹಿಟ್ಟು ಕೊಡುತ್ತಿದ್ದ ಗಟ್ಟಿತನವನ್ನು ಇಲ್ಲಿ ಮಂಜು ಕೊಡುತ್ತದೆ. ವಿದ್ಯುತ್ತು ನಿಂತರೆ ಆ ಪಾನೀಯವೂ ಇಲ್ಲ. ಸುತ್ತಣ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಕರೆದ ಹಾಲು ಸಂಘದ ಕ್ಯಾನಿನಲ್ಲಿ ಡೈರಿಗೆ ಹೋಗಿ, ನಂದಿನಿ ಪೊಟ್ಟಣವಾಗಿ ಬಿಡದಿಯ ಅಂಗಡಿಗೆ ಮರಳುತ್ತದೆ.