ತಿರುಪು ಮಸೂರಗಳು (ಲೈಕಾ ಮಾದರಿ)

ರೇಂಜ್‌ಫೈಂಡರ್ ಕ್ಯಾಮೆರಾದ ಮುಖಕ್ಕೆ ತಿರುಪಿ ಕೂರಿಸುವ, 39 ಮಿ.ಮೀ. ವ್ಯಾಸದ ಕೊರಳುಳ್ಳ ಮಸೂರಗಳಿವು. ಸೂಕ್ಷ್ಮದರ್ಶಕಗಳ ತಯಾರಿಕೆಗೆ ಪ್ರಸಿದ್ಧವಾಗಿದ್ದ, ಜರ್ಮನಿಯ ವೆಟ್ಜ್ಲರ್ ಪಟ್ಟಣದ ಎರ್ನ್ಸ್ಟ್ ಲೈಟ್ಸ್ ಸಂಸ್ಥೆಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಬೆಳಕಿಗೆ ಬಂದಾಗ, ಮ್ಯಾಕ್ಸ್ ಬೆರೆಕ್ ಗಣಿಸಿಕೊಟ್ಟ ಅದರ 50 ಮಿ.ಮೀ. ಮಸೂರವು ಒಡಲಿಗೆ ಅಂಟಿಕೊಂಡೇ ಇದ್ದಿತು. 1930ರಲ್ಲಿ ಬಿಚ್ಚಿ ಬದಲಿಸುವ ಅನುಕೂಲ ಒದಗಿತಾದರೂ, ಮಸೂರದ ಆಸನಕ್ಕೂ ಫಿಲ್ಮಿಗೂ ನಡುವಣ ಅಂತರವು ಒಂದೊಂದು ಒಡಲಿನಲ್ಲಿ ಕೂದಲೆಳೆಯಷ್ಟು ಬೇರೆಯಾಗಿದ್ದು, ಆ ಕೂದಲೆಳೆಯೇ ಚಿತ್ರವನ್ನು ಮಸುಕಾಗಿಸಲು ಸಾಕಾಗುತ್ತಿದ್ದುದರಿಂದ, ಒಂದರ ಮಸೂರ ಮತ್ತೊಂದಕ್ಕೆ ಸಲ್ಲುತ್ತಿರಲಿಲ್ಲ. 1931ರಲ್ಲಿ ಈ ಅಂತರವನ್ನು 28.8 ಮಿ.ಮೀ.ಗೆ ಸ್ಥಿರಪಡಿಸಿ, ಹಾಗೆ ಸರಿಪಡಿಸಿದ ಕ್ಯಾಮೆರಾದ ಕೊರಳಪಟ್ಟಿಯ ಮೇಲೆ ಪುಟ್ಟದೊಂದು ಸೊನ್ನೆಯನ್ನು ಕೆತ್ತತೊಡಗಿದರು. ಬದಲಿ ಮಸೂರಗಳ ನಿಜವಾದ ಇತಿಹಾಸಕ್ಕೆ ಈ ಸೊನ್ನೆಯೇ ಶ್ರೀಕಾರ.

ವಿನೋದವೆಂದರೆ, ತಿರುಪಿನ ವ್ಯಾಸ ಮೆಟ್ರಿಕ್ ಅಳತೆಯದು, ಸುತ್ತುಗಳು ಮಾತ್ರ ಆಂಗ್ಲರ ಲೆಕ್ಕದವು: ಅಂಗುಲಕ್ಕೆ 26. ಮಿಲಿಮೀಟರಿಗೊಂದು ಸುತ್ತು ಕೊರೆದ ಮಸೂರವು ಇಲ್ಲಿ ಸಲೀಸಾಗಿ ಒಳಹೊಕ್ಕು, ನಡುವೆ ಬಿಗಿದು ಹಟ ಹಿಡಿಯುತ್ತದೆ.

1932ರ ಎರಡನೆಯ ಲೈಕಾದಲ್ಲಿ ದೂರಮಾಪಕವೂ (ರೇಂಜ್‌ಫೈಂಡರ್) ಮಸೂರವೂ ಒಂದಕ್ಕೊಂದು ಜೋಡಿಸಲ್ಪಟ್ಟವು. ಮಸೂರ ಕಳಚಿದ ಕ್ಯಾಮೆರಾದೊಳಗೆ ಇಣುಕಿದರೆ ಮೇಲ್ಭಾಗದಲ್ಲಿ ಸಣ್ಣದೊಂದು ಗಾಲಿ ಕಾಣುತ್ತದೆ. ಮಸೂರದ ಹಿಂಬದಿಯ ಲೋಹದ ಬಳೆ ಮುಂದೆ ಸರಿದಂತೆ, ಹಿಂದೆ ಸರಿದಂತೆ ಗಾಲಿಯೂ ಸರಿದು, ಕಿಟಕಿಯಲ್ಲಿ ಎರಡಾಗಿ ತೋರುತ್ತಿದ್ದ ಬಿಂಬ ಒಂದಾಗುತ್ತದೆ.

ಈ ತಿರುಪು ಬಹುಬೇಗ ಅನ್ಯರ ಸೊತ್ತೂ ಆಯಿತು. ಖಾರ್ಕಿವ್‌ನಲ್ಲಿ, ಶಿಕ್ಷಣತಜ್ಞ ಮಕರೆಂಕೋ ಬೀದಿಪಾಲಾದ ಮಕ್ಕಳಿಗಾಗಿ ನಡೆಸುತ್ತಿದ್ದ ಕಮ್ಯೂನಿನಿಂದ 1934ರಲ್ಲಿ ಫೆಡ್ ಎಂಬ ಲೈಕಾಸದೃಶ ಕ್ಯಾಮೆರಾ ಹೊರಬಂದಿತು. ಎರಡನೆಯ ಮಹಾಯುದ್ಧಾನಂತರ ಸೋವಿಯತ್ ಒಕ್ಕೂಟದಿಂದಲೇ ಜೊರ್ಕಿ ಕ್ಯಾಮೆರಾವೂ, ಜೈಸ್‌ನ ಸೋನಾರ್ ರಚನೆಯನ್ನು ಅನುಸರಿಸಿದ ಜುಪಿಟರ್-8 ಮಸೂರವೂ ಬಂದವು. ಜಪಾನಿನವರನ್ನು ಕೇವಲ ಅನುಕಾರಿಗಳೆನ್ನುವುದು ಅನ್ಯಾಯ: 1950ರಲ್ಲಿ ಕೊರಿಯಾ ಯುದ್ಧದ ಚಿತ್ರ ತೆಗೆದ ಡೇವಿಡ್ ಡಗ್ಲಸ್ ಡಂಕನ್ ತಮ್ಮ ಲೈಕಾಗಳಿಗೆ ಜಪಾನಿನ ನಿಕ್ಕೋರ್ ಮಸೂರಗಳನ್ನೇ ತೊಡಿಸಿದ್ದರು.

ಇಂದು ಕೈಗೆ ಸಿಗುವ ಹಳೆಯ ಮಸೂರಗಳಲ್ಲಿ ಲೈಟ್ಸ್ ಸಂಸ್ಥೆಯ 1933ರ ಸುಮ್ಮಾರ್ ಹತಭಾಗ್ಯ. ಅದರ ಮುಂಗಾಜು ಬಹು ಮೃದುವಾದುದರಿಂದ, ಒಡೆಯರು ಶ್ರದ್ಧೆಯಿಂದ ಒರೆಸಿದಷ್ಟೂ ಗೀಚುಗಳಾಗಿ, ಬೆಳಕಿಗೆದುರಾದೊಡನೆ ಚಿತ್ರದ ಮೇಲೆ ಮಂಜು ಕವಿಯುತ್ತದೆ.

1954ರ ಲೈಕಾ ಎಂ3 ಕ್ಯಾಮೆರಾ ತಿರುಪನ್ನು ತೊರೆದು ಬಯೊನೆಟ್ ಜೋಡಣೆಯನ್ನು ಸ್ವೀಕರಿಸಿತು. ಆದರೆ ಅಲ್ಲಿ ಆಸನದ ಅಂತರವನ್ನು 27.8 ಮಿ.ಮೀ.ಗೆ ಇಳಿಸಿದ್ದರಿಂದ, ಉಳಿದ 1 ಮಿ.ಮೀ. ಎಡೆಯಲ್ಲಿ ತೆಳುವಾದೊಂದು ಉಂಗುರವನ್ನಿಟ್ಟು ಹಳೆಯ ಮಸೂರವನ್ನು ತಿರುಪಿದರೆ, ಅದು ಹೊಸ ಒಡಲಲ್ಲಿಯೂ ಯಥಾವತ್ತಾಗಿ ಕೆಲಸಮಾಡುತ್ತದೆ.